ಒಲೆಯ ಕಸುಬು ಕಲಿಸುವ ಪಾಠ

ಮನೆಯನ್ನು ಮನೆಯನ್ನಾಗಿ ಮಾಡಿದ ವಸ್ತುಗಳಲ್ಲಿ ಒಲೆಗೆ ಮೊದಲ ಸ್ಥಾನ. ಬಾಗಿಲಿಲ್ಲದ ಮನೆಯಲ್ಲಿ ಒಂದು ರಾತ್ರಿಯನ್ನು ಹೇಗೋ ಕಳೆಯಬಹುದು. ಬೆಂಕಿಯಿಲ್ಲದ ಮನೆಯಲ್ಲಿ ಒಂದು ಬೆಳಗನ್ನು ಕಳೆಯುವುದು ಕಷ್ಟ. ಹೀಗಿದ್ದರೂ ಒಲೆ ಕಟ್ಟುವವನನ್ನು, ಬಿಸಿನೀರಿನ ಉಪಕರಣ ಜೋಡಿಸುವವನನ್ನು, ಹೊಗೆಕೊಳವೆ ಗುಡಿಸುವವನನ್ನು ನಾವು ಕಸುಬುದಾರರ ಸಾಲಿನಲ್ಲಿ ಎಣಿಸುವುದೇ ಕಡಿಮೆ. ಬಡಗಿಗೆ ಹೆಸರುಂಟು, ಅಕ್ಕಸಾಲಿಗನಿಗೆ ಹೆಸರುಂಟು, ಕಮ್ಮಾರನಿಗೂ ಉಂಟು. ಮನೆಗೆ ಬಿಸಿ ತಂದುಕೊಡುವವನಿಗೆ ಮಾತ್ರ ನೆಟ್ಟಗೆ ಒಂದು ಹೆಸರಿಲ್ಲ. ಕೆಟ್ಟಾಗ ಕರೆಯುತ್ತೇವೆ, ಸರಿಯಾದಾಗ ಮರೆಯುತ್ತೇವೆ.

ಚಳಿಯ ದೇಶಗಳಲ್ಲಿ ಈ ಕಸುಬು ದೊಡ್ಡದು. ಅಲ್ಲಿ ಕೋಣೆಗಳನ್ನೇ ಕಾಯಿಸಬೇಕು. ನಮ್ಮ ಕಾಸರಗೋಡು ಸೆಖೆಯ ನಾಡು. ಇಲ್ಲಿ ಕೋಣೆ ಕಾಯಿಸುವ ಅಗತ್ಯವಿಲ್ಲ. ಆದರೆ ಅಡುಗೆಮನೆಯ ಒಲೆ, ಬಚ್ಚಲಿನ ಹಂಡೆ, ಬಾಣಂತಿಯ ಕೋಣೆಯ ಅಗ್ಗಿಷ್ಟಿಕೆ ಇವು ಮೂರೂ ನಮ್ಮಲ್ಲಿ ತಲೆಮಾರುಗಳಿಂದ ಉರಿದಿವೆ. ಈಗ ಅವುಗಳ ಜೊತೆಗೆ ಗ್ಯಾಸು, ವಿದ್ಯುತ್ತು, ಸೂರ್ಯನ ಬಿಸಿಲು ಸೇರಿಕೊಂಡಿವೆ. ಉರಿಯುವ ವಸ್ತು ಬದಲಾಯಿತು. ಕಸುಬಿನ ತಿರುಳು ಬದಲಾಗಲಿಲ್ಲ. ಈ ಕಸುಬಿನಲ್ಲಿ ಶಾಲೆಯ ಪಾಠಕ್ಕೆ ಸಮನಾದ ಪಾಠಗಳಿವೆ ಎಂಬುದೂ, ಅವುಗಳಲ್ಲಿ ಕೆಲವನ್ನು ಪ್ರತಿಯೊಂದು ಮನೆಯೂ ತಿಳಿದಿರಲೇಬೇಕು ಎಂಬುದೂ ನನ್ನ ಅಭಿಪ್ರಾಯ.

ಹೀಗೆ ಹೇಳುವ ಅಧಿಕಾರ ಕನ್ನಡ ಪಾಠ ಮಾಡುವವನಿಗೆ ಎಲ್ಲಿಂದ ಬಂತು ಎಂದು ಕೇಳಬಹುದು. ಶಿಕ್ಷಕರ ತರಬೇತಿ ಮುಗಿದು ಕೆಲಸ ಸಿಗುವವರೆಗೆ ಸುಮಾರು ಎರಡು ವರ್ಷ ನಾನು ಸೋದರಮಾವನ ಕೈಕೆಳಗೆ ಈ ಕೆಲಸ ಮಾಡಿದ್ದೇನೆ. ಮಣ್ಣು ಕಲಸಿ ಒಲೆ ಕಟ್ಟುವುದರಿಂದ ಹಿಡಿದು ಮಾಡಿನ ಮೇಲೆ ಸೌರ ಹೀಟರ್ ಕೂರಿಸುವವರೆಗೆ ಅವರು ಎಲ್ಲವನ್ನೂ ಮಾಡುತ್ತಿದ್ದರು. ಅವರು ಓದಿದ್ದು ಏಳನೆಯ ತರಗತಿ. ಆದರೆ ಬೆಂಕಿಯ ವಿಷಯದಲ್ಲಿ ಅವರಷ್ಟು ಓದಿದವರನ್ನು ನಾನು ಹೆಚ್ಚು ಕಂಡಿಲ್ಲ.

ಮೊದಲನೆಯ ಪಾಠ ಲೆಕ್ಕದ್ದು. "ಈ ಲೆಕ್ಕ ಕಲಿತು ಎಂತ ಮಾಡಲಿಕ್ಕುಂಟು?" ಎಂದು ಕೇಳುವ ಮಕ್ಕಳಿಗೆ ಬಚ್ಚಲಿನ ಹಂಡೆ ಉತ್ತರ ಹೇಳುತ್ತದೆ. ಒಂದು ಕಿಲೋ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಒಂದು ಕಿಲೋಕ್ಯಾಲೊರಿ ಶಾಖ ಬೇಕು. ಇದು ವಿಜ್ಞಾನದ ಪುಸ್ತಕದಲ್ಲಿದೆ. ಒಬ್ಬರ ಸ್ನಾನಕ್ಕೆ 20 ಲೀಟರ್ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಬೇಕಾದರೆ 400 ಕಿಲೋಕ್ಯಾಲೊರಿ ಬೇಕು. ಒಣಗಿದ ಸೌದೆಯ ಒಂದು ಕಿಲೋದಲ್ಲಿ ಸುಮಾರು 3500 ಕಿಲೋಕ್ಯಾಲೊರಿ ಇದೆ. ಆ ಲೆಕ್ಕದಲ್ಲಿ 115 ಗ್ರಾಂ ಸೌದೆ ಸಾಕಾಗಬೇಕಿತ್ತು! ಆದರೆ ಮೂರು ಕಲ್ಲಿನ ತೆರೆದ ಒಲೆಯಲ್ಲಿ ಶಾಖದ ಹತ್ತರಲ್ಲಿ ಒಂದು ಪಾಲು ಮಾತ್ರ ಪಾತ್ರೆಗೆ ಸೇರುತ್ತದೆ. ಉಳಿದದ್ದು ಗಾಳಿಗೆ, ಗೋಡೆಗೆ, ಹೊಗೆಗೆ. ಆದುದರಿಂದ ಒಂದು ಕಿಲೋಗಿಂತ ಹೆಚ್ಚು ಸೌದೆ ಸುಡಬೇಕಾಗುತ್ತದೆ. ಶಾಖದ ಕಾಲು ಪಾಲನ್ನಾದರೂ ಪಾತ್ರೆಗೆ ಮುಟ್ಟಿಸುವ ಒಲೆಯಾದರೆ ಅರ್ಧ ಕಿಲೋದೊಳಗೆ ಕೆಲಸ ಮುಗಿಯುತ್ತದೆ. ಐದು ಜನರ ಮನೆಯಲ್ಲಿ ತಿಂಗಳಿಗೆ ಸುಮಾರು 100 ಕಿಲೋ ಸೌದೆಯ ವ್ಯತ್ಯಾಸ ಇದು. ಆ ನೂರು ಕಿಲೋವನ್ನು ಹೊತ್ತು ತರುವ ತಲೆ ಯಾರದು ಎಂಬುದನ್ನೂ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು.

ಇದೇ ಲೆಕ್ಕವನ್ನು ವಿದ್ಯುತ್ತಿಗೂ ಹಾಕಬಹುದು. 860 ಕಿಲೋಕ್ಯಾಲೊರಿ ಎಂದರೆ ಒಂದು ಯೂನಿಟ್. ಹಾಗಾದರೆ ಅದೇ 20 ಲೀಟರ್ ನೀರಿಗೆ ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಕಡಿಮೆ. ಹಸಿ ಸೌದೆಯ ಲೆಕ್ಕ ಇನ್ನೂ ಬೋಧಪ್ರದವಾದುದು. ಆಗಷ್ಟೇ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧದಷ್ಟು ನೀರೇ ಇರುತ್ತದೆ. ಆ ನೀರನ್ನು ಆವಿ ಮಾಡುವುದಕ್ಕೆ ಬೆಂಕಿ ಮೊದಲು ದುಡಿಯಬೇಕು, ಆಮೇಲೆ ನಮ್ಮ ಹಂಡೆ. "ಹಸಿ ಸೌದೆ ಉರಿಸುವವನು ಎರಡು ಹಂಡೆ ಕಾಯಿಸುತ್ತಾನೆ, ಒಂದು ಮಾತ್ರ ಕಣ್ಣಿಗೆ ಕಾಣುತ್ತದೆ" ಎಂದು ಮಾವ ಹೇಳುತ್ತಿದ್ದರು. ಮಳೆಗಾಲಕ್ಕೆ ಮೊದಲೇ ಸೌದೆ ಕೊಟ್ಟಿಗೆ ತುಂಬಿಸಿ, ತೆಂಗಿನ ಸಿಪ್ಪೆ, ಗೆರಟೆ, ಕೊತ್ತಳಿಗೆಗಳನ್ನು ಒಣಗಿಸಿ ಪೇರಿಸಿಡುತ್ತಿದ್ದ ನಮ್ಮ ಅಜ್ಜಿಯಂದಿರು ಈ ವಿಜ್ಞಾನವನ್ನು ಬಾಳಿನಿಂದಲೇ ಅರಿತಿದ್ದರು.

ಎರಡನೆಯ ಪಾಠ ಹೆಚ್ಚು ಮುಖ್ಯವಾದುದು. ಬಿಸಿ ಬೇಕು ಎಂದವನು ಮೊದಲು ಹೊಗೆಗೆ ದಾರಿ ಮಾಡಬೇಕು. ಒಲೆ ಕಟ್ಟುವಾಗ ಮಾವ ಪಾತ್ರೆಯ ಜಾಗವನ್ನು ಗುರುತು ಮಾಡುವುದಕ್ಕೆ ಮುಂಚೆ ತಲೆಯೆತ್ತಿ ಮಾಡನ್ನು ನೋಡುತ್ತಿದ್ದರು. ಹೊಗೆಕೊಳವೆ ಎಲ್ಲಿಂದ ಹೊರಬೀಳಬೇಕು, ಮಾಡಿನ ನೆತ್ತಿಗಿಂತ ಎಷ್ಟು ಮೇಲೆ ಹೋಗಬೇಕು, ಎಲ್ಲಿಯೂ ಅಡ್ಡಡ್ಡ ಬಾಗದಂತೆ ಹೇಗೆ ಒಯ್ಯಬೇಕು ಎಂಬುದು ತೀರ್ಮಾನವಾದ ಮೇಲೆಯೇ ಕೈಗೆ ಮಣ್ಣು. ಬಿಸಿಯಾದ ಗಾಳಿ ಹಗುರ, ಅದು ಮೇಲೇರುತ್ತದೆ, ಏರುವಾಗ ಒಲೆಯ ಬಾಯಿಯಿಂದ ಹೊಸ ಗಾಳಿಯನ್ನು ಎಳೆದುಕೊಳ್ಳುತ್ತದೆ. ಕೊಳವೆ ಸರಿಯಾಗಿದ್ದರೆ ಊದುಕೊಳವೆ ಹಿಡಿದು ಕಣ್ಣೀರು ಸುರಿಸಬೇಕಾಗಿಲ್ಲ. ಕೊಳವೆಯಲ್ಲಿ ಮಸಿ ಕಟ್ಟಿತೋ, ಹೊಗೆ ತಿರುಗಿ ಮನೆಗೇ ಬರುತ್ತದೆ.

ಹೊಗೆ ಕಣ್ಣಿಗೆ ಕಾಣುವುದರಿಂದ ಅದರಿಂದ ಓಡಿ ತಪ್ಪಿಸಿಕೊಳ್ಳಬಹುದು. ಕಾಣದಿರುವ ಒಂದು ಅನಿಲವಿದೆ, ಅದರ ವಿಷಯವನ್ನು ಪ್ರತಿಯೊಬ್ಬ ತಂದೆತಾಯಿಯೂ ತಿಳಿಯಬೇಕು. ಸೌದೆಯಾಗಲಿ, ಇದ್ದಿಲಾಗಲಿ, ಗ್ಯಾಸಾಗಲಿ ಸಾಕಷ್ಟು ಗಾಳಿಯಲ್ಲಿ ಉರಿದರೆ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಗಾಳಿ ಸಾಲದಾದಾಗ ಇಂಗಾಲದ ಮೊನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದುಕೊಳ್ಳುವುದಕ್ಕಿಂತ 200 ಪಾಲಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ವಾಕರಿಕೆ, ತಲೆಸುತ್ತು, ಮಂಪರು ಇವೇ ಅದರ ಲಕ್ಷಣಗಳು. ಸಿಲಿಂಡರಿನ ಗ್ಯಾಸು ಸೋರಿದರೆ ಮೂಗಿಗೆ ಗೊತ್ತಾಗುತ್ತದೆ. ಏಕೆಂದರೆ ಅದಕ್ಕೆ ಬೇಕೆಂದೇ ದುರ್ವಾಸನೆಯ ಮರ್ಕಾಪ್ಟಾನ್ ಎಂಬ ವಸ್ತುವನ್ನು ಬೆರೆಸಿರುತ್ತಾರೆ. ಮೊನಾಕ್ಸೈಡ್ ಹಾಗಲ್ಲ. ಅದು ಎಚ್ಚರಿಕೆ ಕೊಡದೆ ಬರುವ ಕಳ್ಳ.

ನಮ್ಮ ಹಳೆಯ ಬಚ್ಚಲುಗಳು ಮನೆಯ ಹಿಂಬದಿಯಲ್ಲಿ, ಅರೆಗೋಡೆಯ ಮೇಲೆ ಹೆಂಚಿನ ಮಾಡು ಹೊತ್ತುಕೊಂಡು ನಿಂತಿದ್ದವು. ಹಂಡೆಯ ಒಲೆಗೆ ಹೊರಗಿನಿಂದಲೇ ಬೆಂಕಿ ಹಾಕುವ ಬಚ್ಚಲುಗಳೂ ಇದ್ದವು. ಗಾಳಿ ಎಲ್ಲ ಕಡೆಯಿಂದ ಬರುತ್ತಿತ್ತು. ಈಗಿನ ತಾರಸಿ ಮನೆಗಳಲ್ಲಿ ಸ್ನಾನದ ಕೋಣೆ ಒಂದು ಪೆಟ್ಟಿಗೆ. ಅದರೊಳಗೆ ಗ್ಯಾಸ್ ಗೀಸರ್ ಕೂರಿಸಿ, ಚಳಿಗೆಂದು ಕಿಟಿಕಿಯನ್ನು ಮುಚ್ಚಿ ಸ್ನಾನಕ್ಕೆ ನಿಂತರೆ, ಆ ಜ್ವಾಲೆಯೂ ಸ್ನಾನ ಮಾಡುವವನೂ ಒಂದೇ ಗಾಳಿಗಾಗಿ ಸ್ಪರ್ಧಿಸಬೇಕಾಗುತ್ತದೆ. ಹೀಗೆ ಸ್ನಾನದ ಮನೆಯಲ್ಲಿಯೇ ಪ್ರಾಣ ಕಳೆದುಕೊಂಡವರ ಸುದ್ದಿ ನಮ್ಮ ದೇಶದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಗ್ಯಾಸ್ ಗೀಸರನ್ನು ಗಾಳಿಯಾಡುವ ಹೊರಗಿನ ಗೋಡೆಗೆ ಹಾಕಿ ಕೊಳವೆಯಲ್ಲಿ ಬಿಸಿನೀರನ್ನು ಒಳಗೆ ತರುವುದು ಕಷ್ಟದ ಕೆಲಸವಲ್ಲ. ಒಂದೆರಡು ಮೀಟರ್ ಕೊಳವೆಯ ಖರ್ಚು ಅಷ್ಟೇ.

ಆ ಖರ್ಚಿನ ಮೇಲೆಯೇ ಚರ್ಚೆಯಾಗುತ್ತಿತ್ತು. ಒಮ್ಮೆ ಒಬ್ಬ ಗೃಹಸ್ಥರು ಪಟ್ಟು ಹಿಡಿದರು: "ಒಳಗೆಯೇ ಹಾಕಿ. ಹೊರಗೆ ಹಾಕಿದರೆ ಗೋಡೆಯ ಚಂದ ಹೋಗ್ತದೆ. ಹಣ ಕೊಡುವುದು ನಾನಲ್ಲವಾ?" ಮಾವ ಉಪಕರಣವನ್ನು ಪೆಟ್ಟಿಗೆಗೆ ತಿರುಗಿ ಇಟ್ಟರು. "ಹಣ ನಿಮ್ಮದು ಅಣ್ಣ, ಸರಿ. ಒಳಗೆ ಸ್ನಾನಕ್ಕೆ ಹೋಗುವುದು ನಿಮ್ಮ ಮಗಳು. ನನ್ನಿಂದ ಆಗುವುದಿಲ್ಲ" ಎಂದರು. ಆ ದಿನದ ಸಂಬಳ ಹೋಯಿತು. ಇನ್ನು ಯಾರಾದರೂ ಬಂದು ಒಳಗೆಯೇ ಹಾಕಿಕೊಟ್ಟಾರು ಎಂಬ ಭಯವಿತ್ತೇ ಹೊರತು ಕಳೆದುಹೋದ ಹಣದ ಚಿಂತೆ ಅವರಿಗಿರಲಿಲ್ಲ. ಕೆಲಸ ಗೊತ್ತಿರುವುದು ಎಂದರೆ ಮಾಡಲು ಗೊತ್ತಿರುವುದು ಮಾತ್ರವಲ್ಲ. ಮಾಡಬಾರದ್ದು ಯಾವುದೆಂದು ಗೊತ್ತಿದ್ದು, ಅದನ್ನು ಹಣ ಕೊಡುವವನ ಮುಖ ನೋಡಿ ಹೇಳಬಲ್ಲ ಧೈರ್ಯವೂ ಅದರಲ್ಲಿ ಸೇರಿದೆ. ವೈದ್ಯನಿಗೂ ವಕೀಲನಿಗೂ ಬೇಕಾದ ಗುಣ ಇದೇ ಅಲ್ಲವೇ?

ಮೂರನೆಯ ಪಾಠ, ಬಿಸಿ ಯಾರಿಗೆ ಮತ್ತು ಹೊಗೆ ಯಾರಿಗೆ ಎಂಬ ಪ್ರಶ್ನೆ. ಈ ಪ್ರಶ್ನೆಯನ್ನು ಕೇಳದೆ ಹೋದ ಕಸುಬು ಎಷ್ಟು ಕ್ರೂರವಾಗಬಹುದು ಎಂಬುದಕ್ಕೆ ಇಂಗ್ಲೆಂಡಿನ ಚರಿತ್ರೆಯಲ್ಲಿ ಉದಾಹರಣೆಯಿದೆ. ಅಲ್ಲಿಯ ಶ್ರೀಮಂತರ ಮನೆಗಳ ಇಕ್ಕಟ್ಟಾದ ಹೊಗೆಗೂಡುಗಳನ್ನು ಗುಡಿಸಲು ಚಿಕ್ಕ ಹುಡುಗರನ್ನು ಒಳಗೆ ಹತ್ತಿಸುತ್ತಿದ್ದರು. ಮೈ ಚಿಕ್ಕದಿದ್ದಷ್ಟೂ ಕೆಲಸಕ್ಕೆ ಅನುಕೂಲ. ಹೀಗೆ ಗುಡಿಸುವವರಿಗೆ ಮಸಿಯಿಂದಲೇ ಕ್ಯಾನ್ಸರ್ ಬರುತ್ತದೆಂದು ಲಂಡನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲಿಯೇ ಬರೆದನು. ಎಂಟು ವರ್ಷಕ್ಕಿಂತ ಚಿಕ್ಕವರನ್ನು ಸೇರಿಸಬಾರದೆಂದು 1788ರಲ್ಲಿ ಕಾನೂನಾಯಿತು. 21 ವರ್ಷದೊಳಗಿನವರು ಹತ್ತಲೇಬಾರದೆಂದು 1840ರಲ್ಲಿ ಇನ್ನೊಂದಾಯಿತು. ಎರಡನ್ನೂ ಜಾರಿಗೆ ತರುವವರಿಲ್ಲದೆ ಅವು ಕಾಗದದಲ್ಲಿಯೇ ಉಳಿದವು. ಹುಡುಗರನ್ನು ಹತ್ತಿಸುವುದು ನಿಜವಾಗಿ ನಿಲ್ಲುವುದಕ್ಕೆ 1875ರ ಕಾನೂನು ಬೇಕಾಯಿತು. ಉದ್ದ ಹಿಡಿಯ ಪೊರಕೆಯನ್ನು ಅದಕ್ಕಿಂತ ಎಷ್ಟೋ ವರ್ಷ ಮೊದಲೇ ಕಂಡುಹಿಡಿದಿದ್ದರು. ಉಪಾಯವಿರಲಿಲ್ಲವೆಂದಲ್ಲ, ಹುಡುಗನ ಉಸಿರಿಗೆ ಬೆಲೆಯಿರಲಿಲ್ಲ.

ಅದು ದೂರದ ಕಥೆಯೆಂದು ಸಮಾಧಾನಪಟ್ಟುಕೊಳ್ಳುವ ಹಾಗಿಲ್ಲ. ನಮ್ಮ ಮನೆಗಳಲ್ಲಿ ಊಟದ ಬಿಸಿ ಎಲ್ಲರಿಗೆ ಬಂತು, ಒಲೆಯ ಹೊಗೆ ಹೆಂಗಸರಿಗೆ ಮಾತ್ರ ಬಂತು. ಅಮ್ಮನ ಸೆರಗು ಹಿಡಿದು ಒಲೆಯ ಬಳಿ ಕುಳಿತ ಮಕ್ಕಳಿಗೂ ಒಂದು ಪಾಲು ಬಂತು. ಮನೆಯೊಳಗಿನ ಹೊಗೆಯಿಂದಾಗಿ 2020ರಲ್ಲಿ ಪ್ರಪಂಚದಾದ್ಯಂತ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಹೊಗೆಯಿಂದ ಲಾಭವೂ ಇತ್ತು ಎಂದು ಹಿರಿಯರು ಹೇಳುವುದುಂಟು. ಅಟ್ಟದ ಮೇಲಿನ ಬೀಜಕ್ಕೆ ಹುಳ ಹಿಡಿಯುತ್ತಿರಲಿಲ್ಲ, ಮಾಡಿನ ಮರಕ್ಕೆ ಗೆದ್ದಲು ಬರುತ್ತಿರಲಿಲ್ಲ. ಮಾತು ಸುಳ್ಳಲ್ಲ. ಆದರೆ ಬೀಜವನ್ನು ಕಾಪಾಡುವುದಕ್ಕೆ ತಾಯಿಯ ಶ್ವಾಸಕೋಶವನ್ನು ಒತ್ತೆಯಿಡುವುದು ಯಾವ ನ್ಯಾಯ?

ಮಾವ ಯಾವ ಮನೆಗೆ ಹೋದರೂ ಹಣದ ಮಾತನ್ನು ಯಜಮಾನರಲ್ಲಿ ಆಡುತ್ತಿದ್ದರು, ಒಲೆಯ ಮಾತನ್ನು ಒಲೆಯ ಮುಂದೆ ನಿಲ್ಲುವವರಲ್ಲಿಯೇ ಆಡುತ್ತಿದ್ದರು. "ಅಕ್ಕ, ಅನ್ನದ ಪಾತ್ರೆ ಎಷ್ಟು ದೊಡ್ಡದು, ಒಮ್ಮೆ ತನ್ನಿ. ನಿಂತು ಅಡುಗೆ ಮಾಡುವುದಾ, ಕುಳಿತಾ?" ನಮ್ಮಲ್ಲಿ ಕುಚ್ಚಲಕ್ಕಿಯ ಅನ್ನ; ಬೇಯಲು ಹೊತ್ತು ಬೇಕು, ದೊಡ್ಡ ಪಾತ್ರೆ ಬೇಕು. ಪಾತ್ರೆಗೂ ಒಲೆಯ ಬಾಯಿಗೂ ಹೊಂದಿಕೆಯಿಲ್ಲದಿದ್ದರೆ ಎಷ್ಟು ಒಳ್ಳೆಯ ಒಲೆಯಾದರೂ ಸಂದಿಯಲ್ಲಿ ಹೊಗೆ ನುಗ್ಗುತ್ತದೆ. ಎಲ್ಲೋ ಕುಳಿತು ನಕ್ಷೆ ಬರೆದವನಿಗೆ ಆ ಮನೆಯ ಪಾತ್ರೆ ಗೊತ್ತಿರುವುದಿಲ್ಲ. ಆ ಅಕ್ಕನಿಗೆ ಗೊತ್ತಿರುತ್ತದೆ. ಬಳಸುವವರನ್ನು ಕೇಳಿ ಮಾಡು ಎಂಬುದು ಎಲ್ಲ ಕಸುಬಿಗೂ ಸಲ್ಲುವ ಮಾತು.

ನಾಲ್ಕನೆಯ ಪಾಠ, ಕಟ್ಟಿದರೆ ಮುಗಿಯಲಿಲ್ಲ ಎಂಬುದು. ಹೊಗೆಯಿಲ್ಲದ ಒಲೆಯ ವಿಚಾರದಲ್ಲಿ ನಮ್ಮ ದೇಶದಲ್ಲಿ ಬುದ್ಧಿವಂತರು ಕಡಿಮೆ ದುಡಿದಿಲ್ಲ. ಗಾಂಧೀಜಿಯವರ ಗ್ರಾಮೋದ್ಯೋಗದ ನೆಲೆಯಾದ ವಾರ್ಧಾದ ಮಗನವಾಡಿಯಿಂದ 1947ರಲ್ಲಿ ಮಗನ್ ಚುಲ್ಹಾ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ಹುಟ್ಟಿದ 'ಅಸ್ತ್ರ' ಎಂಬ ಕೇಂದ್ರವು 1980ರ ದಶಕದಲ್ಲಿ ಅಸ್ತ್ರ ಒಲೆಯನ್ನು ಕರ್ನಾಟಕದ ಹಳ್ಳಿಗಳಿಗೆ ಕೊಟ್ಟಿತು. ಅದೇ ದಶಕದಲ್ಲಿ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ತನ್ನ 'ಪರಿಷತ್ತ್ ಅಡುಪ್ಪು' ಎಂಬ ಒಲೆಯನ್ನು ಕೇರಳದ ಮನೆಗಳಿಗೆ ಒಯ್ದಿತು. ಗಡಿಯಲ್ಲಿರುವ ನಮಗೆ ಎರಡರ ಸುದ್ದಿಯೂ ಎರಡು ಭಾಷೆಗಳಲ್ಲಿ ಬಂತು. ಇದು ಗಡಿನಾಡಿನ ಒಂದು ಭಾಗ್ಯವೇ ಸರಿ.

ಕೇಂದ್ರ ಸರಕಾರ 1980ರ ದಶಕದ ಮೊದಲ ಭಾಗದಲ್ಲಿ ಆರಂಭಿಸಿ 2002ರವರೆಗೆ ನಡೆಸಿದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆಗಳನ್ನು ಕಟ್ಟಿದ ಲೆಕ್ಕವಿದೆ. ಅವುಗಳಲ್ಲಿ ಬಹಳಷ್ಟು ಸ್ವಲ್ಪ ಕಾಲದಲ್ಲಿಯೇ ಮೂಲೆ ಸೇರಿದವು. ಕಟ್ಟಿದ ಒಲೆಗಳನ್ನು ಎಣಿಸುವವರಿದ್ದರು, ಬಿರುಕು ಬಿಟ್ಟಾಗ ಬರುವವರಿರಲಿಲ್ಲ. ಆಮೇಲೆ ಒಡಿಶಾದಲ್ಲಿ ಎಸ್ತರ್ ಡುಫ್ಲೋ ಮತ್ತು ಸಂಗಡಿಗರು ಹಲವು ವರ್ಷ ನಡೆಸಿದ ಅಧ್ಯಯನದಲ್ಲಿಯೂ ಇದೇ ಕಂಡುಬಂತು. ಮೊದಲ ವರ್ಷ ಮನೆಯವರು ಸೇವಿಸುವ ಹೊಗೆ ಕಡಿಮೆಯಾಯಿತು. ಮುಂದೆ ಒಲೆಯನ್ನು ಸರಿಯಾಗಿ ನೋಡಿಕೊಳ್ಳದೆ ಆ ಲಾಭ ಕರಗಿಹೋಯಿತು. ಮಾವ ತಾವು ಕಟ್ಟಿದ ಒಲೆಗೆ ಮೂರು ತಿಂಗಳ ನಂತರ ಒಮ್ಮೆ ಹೋಗಿ, ಕೊಳವೆಯನ್ನು ಬಡಿದು ಮಸಿ ಉದುರಿಸಿ, ಬಿರುಕಿಗೆ ಮಣ್ಣು ಮೆತ್ತಿ, ಒಂದು ಲೋಟ ಮಜ್ಜಿಗೆ ಕುಡಿದು ಬರುತ್ತಿದ್ದರು. ಅದಕ್ಕೆ ಸಂಬಳ ಕೇಳಿದ್ದು ನಾನು ಕಂಡಿಲ್ಲ. ಅವರು ಕಟ್ಟಿದ ಒಲೆಗಳು ಉರಿಯುತ್ತಲೇ ಇದ್ದುದರ ಗುಟ್ಟು ಮಣ್ಣಿನಲ್ಲಿರಲಿಲ್ಲ, ಆ ಎರಡನೆಯ ಭೇಟಿಯಲ್ಲಿತ್ತು. ಶಾಲೆಯಲ್ಲಿಯೂ ಹೀಗೆಯೇ. ಪಾಠ ಮುಗಿಸಿದೆ ಎಂದರೆ ಶಿಕ್ಷಕನ ಕೆಲಸ ಮುಗಿಯಲಿಲ್ಲ. ಮಗುವಿಗೆ ಎಲ್ಲಿ ಬಿರುಕು ಬಿಟ್ಟಿದೆಯೆಂದು ತಿರುಗಿ ಹೋಗಿ ನೋಡಬೇಕು.

ಐದನೆಯದು ನನ್ನ ವಿಷಯಕ್ಕೆ ಹತ್ತಿರವಾದುದು, ಭಾಷೆಯ ಪಾಠ. ನಮ್ಮೂರಿನಲ್ಲಿ ಒಂದೇ ದಿನ ಮೂರು ಮನೆಗೆ ಹೋದರೆ, ಒಂದರಲ್ಲಿ ಒಲೆ, ಇನ್ನೊಂದರಲ್ಲಿ ದಿಕ್ಕೆಲು, ಮತ್ತೊಂದರಲ್ಲಿ ಅಡುಪ್ಪು. ಕನ್ನಡ, ತುಳು, ಮಲಯಾಳ ಮೂರೂ ಬಲ್ಲ ಮಾವನಿಗೆ ಇದರಿಂದ ತೊಂದರೆಯಾಗಲಿಲ್ಲ. ತೊಂದರೆ ಇದ್ದುದು ಉಪಕರಣದ ಜೊತೆಗೆ ಬರುವ ಪುಸ್ತಿಕೆಯಲ್ಲಿ. ಅದು ಇಂಗ್ಲಿಷಿನಲ್ಲಿ, ಹೆಚ್ಚೆಂದರೆ ಹಿಂದಿಯಲ್ಲಿ ಇರುತ್ತಿತ್ತು. ಮುಚ್ಚಿದ ಕೋಣೆಯಲ್ಲಿ ಇದನ್ನು ಹಾಕಬಾರದೆಂಬ ಎಚ್ಚರಿಕೆ ಅದರಲ್ಲಿ ಅಚ್ಚಾಗಿರುತ್ತದೆ. ಆದರೆ ಆ ಮನೆಯಲ್ಲಿ ಅದನ್ನು ಓದಬಲ್ಲವರಿಲ್ಲದಿದ್ದರೆ ಅಚ್ಚಾದದ್ದೂ ಒಂದೇ, ಅಚ್ಚಾಗದಿದ್ದದ್ದೂ ಒಂದೇ. ನನ್ನ ಪಾಲಿಗೆ ಬಂದ ಕೆಲಸವೆಂದರೆ ಅಂತಹ ಪುಸ್ತಿಕೆಯನ್ನು ಓದಿ, ಮನೆಯ ಅಜ್ಜಿಗೆ ಅರ್ಥವಾಗುವ ಮಾತಿನಲ್ಲಿ ಹೇಳುವುದು.

"ಕನ್ನಡ ಮಾಧ್ಯಮದಲ್ಲಿ ಓದಿ ಏನು ಪ್ರಯೋಜನ?" ಎಂದು ಈ ಕಾಲದಲ್ಲಿ ಹಲವು ಪೋಷಕರು ಕೇಳುತ್ತಾರೆ. ಈ ಪ್ರಶ್ನೆಗೆ ನಾನು ಅಭಿಮಾನದ ಮಾತಿನಿಂದ ಉತ್ತರ ಹೇಳಲು ಹೋಗುವುದಿಲ್ಲ. ವಿಜ್ಞಾನವನ್ನು ತನ್ನ ಮನೆಯ ಮಾತಿನಲ್ಲಿ ಅರ್ಥಮಾಡಿಕೊಂಡ ಹುಡುಗನೇ ಅದನ್ನು ಮನೆಯವರಿಗೆ ತಿಳಿಸಬಲ್ಲನು. ಮೊನಾಕ್ಸೈಡ್ ಎಂಬುದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದವನಿಗೆ ಅಂಕ ಸಿಗುತ್ತದೆ. "ಅಜ್ಜೀ, ಬಾಣಂತಿ ಕೋಣೆಯಲ್ಲಿ ಕೆಂಡ ಇಟ್ಟರೆ ಕಿಟಿಕಿ ಮುಚ್ಚಬಾರದು, ಯಾಕೆ ಗೊತ್ತುಂಟಾ?" ಎಂದು ಹೇಳಬಲ್ಲವನು ಎರಡು ಜೀವ ಉಳಿಸುತ್ತಾನೆ. ಇಂಗ್ಲಿಷ್ ಬೇಡವೆಂದು ನಾನು ಹೇಳುತ್ತಿಲ್ಲ. ಪುಸ್ತಿಕೆ ಓದಲು ಅದು ಬೇಕು. ಮಲಯಾಳವೂ ಬೇಕು, ನೆರೆಮನೆಗೆ ಹೇಳಲು ಅದು ಬೇಕು. ಆದರೆ ತಿಳಿವು ಅಡುಗೆಮನೆಗೂ ಬಚ್ಚಲಿಗೂ ಇಳಿಯಬೇಕಾದರೆ ಮನೆಯ ಮಾತಿನ ಮೆಟ್ಟಿಲಿನಿಂದಲೇ ಇಳಿಯಬೇಕು.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಒಂದನೆಯದು, ಕಾಲ ಬದಲಾಯಿತು, ಇನ್ನು ಒಲೆಯ ಮಾತು ಯಾಕೆ ಎಂಬುದು. ಹೌದು, ಗ್ಯಾಸು ಮನೆಮನೆಗೆ ಬಂದಿದೆ. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಬಡವರ ಮನೆಗಳಿಗೂ ಬಂತು. ಅದು ಸಂತೋಷದ ವಿಷಯ. ಆದರೂ ತೋಟವಿರುವ ಮನೆಯಲ್ಲಿ ಸಿಪ್ಪೆ, ಮಡಲುಗಳು ಇರುವವರೆಗೆ ಬಚ್ಚಲಿನ ಒಲೆ ಆರುವುದಿಲ್ಲ. ಸೌರ ಹೀಟರ್ ಒಳ್ಳೆಯದೇ. ಅದನ್ನು ದಕ್ಷಿಣಕ್ಕೆ ಮುಖ ಮಾಡಿ ಇಡಬೇಕು. ಪಂಪಿಲ್ಲದ ಮಾದರಿಯಲ್ಲಿ ಬಿಸಿನೀರು ತಾನಾಗಿ ಮೇಲೇರಬೇಕಾದುದರಿಂದ ಅದರ ಟ್ಯಾಂಕಿಯನ್ನು ಫಲಕಕ್ಕಿಂತ ಎತ್ತರದಲ್ಲಿ ಕೂರಿಸಬೇಕು. ಆದರೆ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಾಡಿನಲ್ಲಿ ಆಟಿ ತಿಂಗಳ ಸೂರ್ಯನನ್ನು ನಂಬಿ ಸ್ನಾನಕ್ಕೆ ಹೋಗುವಂತಿಲ್ಲ. ವಿದ್ಯುತ್ ಗೀಸರಿಗೆ ಹೊಗೆಯಿಲ್ಲ, ನಿಜ. ಆದರೆ ಅರ್ಥಿಂಗ್ ಸರಿಯಿಲ್ಲದಿದ್ದರೆ ಮರಣವುಂಟು, ಒತ್ತಡದ ವಾಲ್ವ್ ಕೆಟ್ಟರೆ ಟ್ಯಾಂಕಿ ಒಡೆಯುವ ಅಪಾಯವುಂಟು. ನಮ್ಮ ಮುರಕಲ್ಲಿನ ನೆಲದ ಬಾವಿಯ ನೀರು ಸಾಮಾನ್ಯವಾಗಿ ಸ್ವಲ್ಪ ಆಮ್ಲಗುಣದ್ದು, ಲೋಹವನ್ನು ತಿನ್ನುತ್ತದೆ; ಟ್ಯಾಂಕಿಯನ್ನು ಕಾಪಾಡಲೆಂದೇ ಒಳಗೆ ಇಟ್ಟಿರುವ ಮೆಗ್ನೀಷಿಯಂ ಸಲಾಕೆ ಸವೆದಿದೆಯೇ ಎಂದು ನೋಡಿ ಬದಲಿಸಬೇಕು. ಹೀಗೆ ಉಪಕರಣ ಹೊಸದಾದರೂ ಪ್ರಶ್ನೆಗಳು ಹಳೆಯವೇ. ಅಪಾಯ ಎಲ್ಲಿಂದ ಹೊರಹೋಗುತ್ತದೆ? ಬಳಸುವವರು ಯಾರು? ನಾಳೆ ಬಂದು ನೋಡುವವರು ಯಾರು?

ಎರಡನೆಯ ಆಕ್ಷೇಪ ಮನೆಯ ಜಗಲಿಯಲ್ಲಿ ಕೇಳಿಬರುವಂಥದ್ದು: "ಮಗನನ್ನು ಓದಿಸಿದ್ದು ಕೈಗೆ ಮಸಿ ಮೆತ್ತಿಕೊಳ್ಳಲಿಕ್ಕಾ ಮಾಷ್ಟ್ರೇ?" ಎಲ್ಲ ಮಕ್ಕಳೂ ಈ ಕಸುಬಿಗೆ ಹೋಗಬೇಕೆಂದು ನಾನು ಹೇಳುವುದಿಲ್ಲ. ಆದರೆ ಹೋಗಬಯಸುವ ಮಗುವಿಗೆ ನಾಚಿಕೆಯ ಹೊರೆ ಹೊರಿಸಬೇಡಿ. ಊರಿನಲ್ಲಿ ದುಡಿದರೆ ಕೀಳೆಂದು ನಾವು ಎಣಿಸುವ ಪ್ಲಂಬರ್, ಇಲೆಕ್ಟ್ರಿಷಿಯನ್ ಕೆಲಸವನ್ನೇ ನಮ್ಮ ಹುಡುಗರು ಗಲ್ಫಿನಲ್ಲಿ ಮಾಡಿದರೆ ಅದು ಗೌರವದ ಉದ್ಯೋಗವಾಗುತ್ತದೆ. ಕೆಲಸ ಒಂದೇ, ಕಡಲು ದಾಟಿದ ಮಾತ್ರಕ್ಕೆ ಅದರ ಜಾತಿ ಬದಲಾಗುವುದೇ? ಹತ್ತನೆಯ ತರಗತಿಯ ನಂತರ ಐ.ಟಿ.ಐ.ಯಲ್ಲಿ ಇಂತಹ ಕಸುಬನ್ನು ಕ್ರಮವಾಗಿ ಕಲಿತ ಹುಡುಗನೋ ಹುಡುಗಿಯೋ ಊರಿಗೆ ಬೇಕೇ ಬೇಕು. ಕಲಿಯದೆ ಕೈಹಾಕುವವರ ಸಂಖ್ಯೆ ಹೆಚ್ಚಾದಷ್ಟೂ ಅಪಾಯ ಮನೆಯೊಳಗೇ ಕೂರುತ್ತದೆ. ಈ ಕಸುಬಿನಲ್ಲಿ ಮೋಸವೂ ಇದೆಯೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಬೇಡದ ಭಾಗ ಬದಲಿಸಿ ಹಣ ಕೀಳುವವರಿದ್ದಾರೆ. ಅದಕ್ಕೂ ಮದ್ದು ಒಂದೇ, ತಿಳಿದವರು ಹೆಚ್ಚಾಗುವುದು.

ವಿದ್ಯಾರ್ಥಿಗಳೇ, ಈ ಲೇಖನ ಓದಿದ ಮೇಲೆ ನೀವು ಮಾಡಬೇಕಾದ ಒಂದು ಮನೆಗೆಲಸವಿದೆ. ಇದಕ್ಕೆ ಅಂಕವಿಲ್ಲ. ಇವತ್ತೇ ನಿಮ್ಮ ಮನೆಯ ಅಡುಗೆಮನೆ ಮತ್ತು ಸ್ನಾನದ ಕೋಣೆಯನ್ನು ಒಮ್ಮೆ ಸುತ್ತಿ ನೋಡಿ. ಗ್ಯಾಸ್ ಗೀಸರ್ ಇದ್ದರೆ ಅದು ಒಳಗಿದೆಯೋ ಹೊರಗಿದೆಯೋ? ಒಳಗಿದ್ದರೆ ಹೊರಗೆ ಹಾಕಿಸುವವರೆಗೆ ಅದನ್ನು ಉರಿಸಬೇಡಿರೆಂದು ಮನೆಯವರಿಗೆ ಹೇಳಿ. ಗ್ಯಾಸಿನ ವಾಸನೆ ಬಂದರೆ ಸ್ವಿಚ್ಚನ್ನು ಮುಟ್ಟದೆ ರೆಗ್ಯುಲೇಟರ್ ಮುಚ್ಚಿ ಬಾಗಿಲು ಕಿಟಿಕಿ ತೆರೆಯಬೇಕು. ಆ ಗ್ಯಾಸು ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ಬಕೆಟಿನಲ್ಲಿ ಕಾಯಿಸುವ ವಿದ್ಯುತ್ ಸಲಾಕೆ ಇದ್ದರೆ ಪ್ಲಗ್ ಕಿತ್ತ ಮೇಲೆಯೇ ನೀರಿಗೆ ಕೈಹಾಕಬೇಕು. ಒಲೆಯ ಹೊಗೆಕೊಳವೆಯನ್ನು ಕೊನೆಯ ಸಲ ಯಾವಾಗ ಗುಡಿಸಿದರೆಂದು ಕೇಳಿ. ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟು ಯಾರೂ ಮಲಗಬಾರದು. ಬೆಂಕಿ ಉರಿಯುವ ಕೋಣೆಯಲ್ಲಿ ಯಾರಿಗಾದರೂ ತಲೆಸುತ್ತು, ಮಂಪರು ಬಂದರೆ ಕಾರಣ ಹುಡುಕುತ್ತಾ ನಿಲ್ಲದೆ ಅವರನ್ನು ಮೊದಲು ಹೊರಗಿನ ಗಾಳಿಗೆ ತರಬೇಕು, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಪೋಷಕರಲ್ಲಿ ನನ್ನ ಬಿನ್ನಹ ಚಿಕ್ಕದು. ಮಗು ಬಂದು ಇದನ್ನೆಲ್ಲ ಕೇಳಿದಾಗ "ನಿನಗೆಂತ ಗೊತ್ತು, ಹೋಗಿ ಓದು" ಎನ್ನಬೇಡಿ. ಅದು ಓದಿದ್ದನ್ನೇ ಕೇಳುತ್ತಿದೆ. ಹೊಸ ಉಪಕರಣ ಜೋಡಿಸಲು ಬಂದ ಕಸುಬುದಾರ "ಇಲ್ಲಿ ಹಾಕಬಾರದು" ಎಂದರೆ ಅವನ ಮೇಲೆ ಸಿಟ್ಟಾಗಬೇಡಿ. ನಿಮ್ಮ ಹಣಕ್ಕಿಂತ ನಿಮ್ಮ ಮನೆಯವರ ಉಸಿರನ್ನು ದೊಡ್ಡದೆಂದು ಎಣಿಸಿದವನು ಅವನು. ಅಂತಹವನನ್ನು ಕುಳ್ಳಿರಿಸಿ ಒಂದು ಲೋಟ ಮಜ್ಜಿಗೆ ಕೊಟ್ಟು, ಅವನು ಹೇಳಿದ ಜಾಗದಲ್ಲಿಯೇ ಹಾಕಿಸಿರಿ.